ಕೆರ್ರಿ ಗೆದ್ದಿದ್ದು ಎರಡಂಕದ ಕಿಕ್‌ನಿಂದಲಾ, ಕಿಕ್‌ಔಟ್‌ನಿಂದಲಾ? 2025ರ ಆಲ್ ಐರ್ಲೆಂಡ್ ಗೇಲಿಕ್ ಫುಟ್‌ಬಾಲ್ ಸೀಸನ್ ಚರ್ಚೆ

ಲಿಫಿದಂಡೆ | ಜುಲೈ 28, 2025

ನಿನ್ನೆ ಡಬ್ಲಿನ್‌ನ ಕ್ರೋಕ್ ಪಾರ್ಕ್ ಮೈದಾನದಲ್ಲಿ ಫೈನಲ್. ಕೆರ್ರಿ ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ) 1-26, ಡೊನೆಗಾಲ್ ಕೌಂಟಿ 0-19. ಆಲ್ ಐರ್ಲೆಂಡ್ ಪಟ್ಟ 39ನೇ ಸಲ ಕೆರ್ರಿ ಪಾಲಾಯಿತು. ಬೆಳಿಗ್ಗೆಯಿಂದ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಕೆರ್ರಿಯ ಡೇವಿಡ್ ಕ್ಲಿಫರ್ಡ್, ಅವನ ಎರಡಂಕದ ಕಿಕ್‌ಗಳು. ಗೋಲಿನಿಂದ 40 ಮೀಟರ್ ದೂರಕ್ಕೆ ಮೈದಾನದಲ್ಲಿ ಎಳೆದ ಕಮಾನು ಗೆರೆಯ ಆಚೆಯಿಂದ ಬಾರ್ ಮೇಲೆ ಹೊಡೆದರೆ ಎರಡು ಅಂಕ ಅನ್ನುವ ಹೊಸ ನಿಯಮವೇ ಈ ವರ್ಷ ಎಲ್ಲವನ್ನೂ ನಿರ್ಧರಿಸಿತು ಅಂತ ವಾದ.

ನನಗೆ ಹಾಗನ್ನಿಸುವುದಿಲ್ಲ. ಈ ಸೀಸನ್ನಿನ ಹಣೆಬರಹ ಬರೆದದ್ದು ಇನ್ನೊಂದು ನಿಯಮ. ಗೋಲ್‌ಕೀಪರ್ ಬಾಲ್ ಒದ್ದು ಆಟ ಮತ್ತೆ ಶುರು ಮಾಡುವ ಕಿಕ್‌ಔಟ್ ಕೂಡ ಅದೇ ಕಮಾನು ದಾಟಲೇಬೇಕು ಅನ್ನುವುದು. ಅದರ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಯಾಕೆಂದರೆ ಅದು ಹೈಲೈಟ್ಸ್‌ನಲ್ಲಿ ಕಾಣುವುದಿಲ್ಲ. ಇಲ್ಲಿ ಸೀಸನ್ ಪೂರ್ತಿ ನೋಡಿದವರು ಏನಂತೀರಿ?

ಹುಬ್ಳಿಹೈದ | ಜುಲೈ 28, 2025

ನಿಲ್ಲಿ ಸ್ವಾಮಿ. ನನ್ನಂಥವರಿಗೂ ಸ್ವಲ್ಪ ಹೇಳಿ. ತಂಗಿ ಡಬ್ಲಿನ್‌ನಲ್ಲಿ ಇದ್ದಾಳೆ, ಅವಳು ಲಿಂಕ್ ಕಳಿಸಿದಳು ಅಂತ ನಿನ್ನೆ ರಾತ್ರಿ ಎಂಟಕ್ಕೆ ಕೂತು ಫೈನಲ್ ನೋಡಿದೆ. ಕೈಯಲ್ಲಿ ಹಿಡಿದು ಓಡುತ್ತಾರೆ, ಕಾಲಲ್ಲಿ ಒದೆಯುತ್ತಾರೆ, ನಡುವೆ ನೆಲಕ್ಕೆ ಕುಕ್ಕುತ್ತಾರೆ. 1-26 ಅಂದರೆ 126 ಅಂತ ತಿಳಿಯಬೇಕಾ? ಆದರೂ ಕಣ್ಣು ಕೀಳಲು ಆಗಲಿಲ್ಲ, ಅದು ಬೇರೆ ಮಾತು.

ನಿಯಮಪುಸ್ತಕ | ಜುಲೈ 28, 2025

@ಹುಬ್ಳಿಹೈದ 1-26 ಅಂದರೆ ಒಂದು ಗೋಲು, 26 ಪಾಯಿಂಟ್. ಗೋಲಿಗೆ 3 ಅಂಕ, ಹಾಗಾಗಿ ಒಟ್ಟು 29. ಬಾರ್ ಕೆಳಗೆ ಬಲೆಗೆ ಹೋದರೆ ಗೋಲು. ಬಾರ್ ಮೇಲೆ ಎರಡು ಕಂಬಗಳ ನಡುವೆ ಹೋದರೆ ಪಾಯಿಂಟ್. ಒಂದು ಕಡೆ 15 ಜನ, ಆಟ 70 ನಿಮಿಷ. ಬಾಲ್ ಹಿಡಿದು ನಾಲ್ಕು ಹೆಜ್ಜೆ ಇಡಬಹುದು. ಆಮೇಲೆ ನೆಲಕ್ಕೆ ಬೌನ್ಸ್ ಮಾಡಬೇಕು, ಇಲ್ಲವೇ ಕಾಲಬೆರಳಿನಿಂದ ಕೈಗೆ ಚಿಮ್ಮಿಸಿಕೊಳ್ಳಬೇಕು. ಅದಕ್ಕೆ ಸೋಲೋ ಅಂತಾರೆ. ಸತತ ಎರಡು ಬೌನ್ಸ್ ಮಾಡುವ ಹಾಗಿಲ್ಲ. ನೆಲದ ಮೇಲಿರುವ ಬಾಲನ್ನು ನೇರ ಕೈಯಿಂದ ಎತ್ತುವ ಹಾಗೂ ಇಲ್ಲ, ಕಾಲಿನಿಂದ ಎಬ್ಬಿಸಬೇಕು.

ಈ ವರ್ಷದ ಹೊಸ ನಿಯಮಗಳು ಜಿಮ್ ಗ್ಯಾವಿನ್ ಅಧ್ಯಕ್ಷತೆಯ ಸಮಿತಿ ತಂದವು. ಎರಡಂಕದ ಕಿಕ್ ಒಂದು. ಕಿಕ್‌ಔಟ್ ಕಮಾನು ದಾಟಬೇಕು ಅನ್ನುವುದು ಇನ್ನೊಂದು. ಮೂರು ಜನ ಸದಾ ಎದುರಾಳಿಯ ಅರ್ಧದಲ್ಲಿ ಇರಬೇಕು, ನಾಲ್ಕು ಜನ ತಮ್ಮ ಅರ್ಧದಲ್ಲಿ. ಹಾಗಾಗಿ ಮೊದಲಿನ ಹಾಗೆ ಹದಿನೈದೂ ಜನ ಗೋಲಿನ ಮುಂದೆ ಗೋಡೆ ಕಟ್ಟಲು ಆಗುವುದಿಲ್ಲ. ಫೌಲ್ ಆದವನು ರೆಫ್ರಿಗೆ ಕಾಯದೆ ಬಾಲ್ ಚಿಮ್ಮಿಸಿಕೊಂಡು ಓಡಬಹುದು. ರೆಫ್ರಿ ಜೊತೆ ವಾದಕ್ಕೆ ನಿಂತರೆ 50 ಮೀಟರ್ ಬಿಟ್ಟುಕೊಡಬೇಕು. ಕೊನೆಗೆ ಸಮಯ ಮುಗಿದಾಗ ಹೂಟರ್.

ಗೋಲಿಗೆ 4 ಅಂಕ ಅಂತಲೂ 2024ರ ಅಕ್ಟೋಬರ್‌ನಲ್ಲಿ ಪ್ರಾಂತ್ಯಗಳ ನಡುವಿನ ಪಂದ್ಯಗಳಲ್ಲಿ ಪ್ರಯೋಗ ಮಾಡಿದ್ದರು. ಪುಣ್ಯಕ್ಕೆ ಕೈಬಿಟ್ಟರು.

ಕಿಲ್ಲಾರ್ನಿಕಾಫಿ | ಜುಲೈ 28, 2025

ನಾನು ಕೆರ್ರಿಯಲ್ಲಿ ನರ್ಸ್. ಇವತ್ತು ವಾರ್ಡಿನಲ್ಲಿ ಹಸಿರು-ಹೊಂಬಣ್ಣದ ಬಾವುಟ ಇಲ್ಲದ ಹಾಸಿಗೆ ಇರಲಿಲ್ಲ. ಎಂಬತ್ತು ದಾಟಿದ ಒಬ್ಬರು ಬೆಳಿಗ್ಗೆ ಮಾತ್ರೆ ಕೊಡಲು ಹೋದರೆ "ಮೊದಲು ಪೇಪರ್ ಕೊಡು, ಮಾತ್ರೆ ಆಮೇಲೆ" ಅಂದರು.

@ಲಿಫಿದಂಡೆ ನಿಮ್ಮ ವಾದ ನನಗೂ ಸರಿ ಅನಿಸುತ್ತದೆ, ಆದರೆ ಕ್ಲಿಫರ್ಡ್‌ನನ್ನು ಇಷ್ಟು ಸಲೀಸಾಗಿ ಬದಿಗೆ ಸರಿಸಬೇಡಿ. ಮೊದಲಾರ್ಧದ ಕೊನೆ ನೆನಪಿಸಿಕೊಳ್ಳಿ. ಕೆರ್ರಿ ಬಾಲನ್ನು ಯಾವ ಅವಸರವೂ ಇಲ್ಲದೆ ಆ ಕಡೆ ಈ ಕಡೆ ತಿರುಗಿಸುತ್ತಾ ಕೂತಿತು. ಹೂಟರ್ ಆಗುವವರೆಗೆ ಕಾದು, ಕ್ಲಿಫರ್ಡ್ ಕಮಾನಿನ ಹೊರಗಿನಿಂದ ಎಡಗಾಲಲ್ಲಿ ಹೊಡೆದ. ಎರಡು ಅಂಕ. ವಿರಾಮಕ್ಕೆ 0-17, 0-10. ಡೊನೆಗಾಲ್‌ನವರು ಟನಲ್ ಕಡೆ ನಡೆಯುವಾಗಲೇ ಅವರ ಹೆಗಲು ಇಳಿದಿತ್ತು. ಐದು ಅಂಕ ಹಿಂದೆ ಇರುವುದು ಬೇರೆ, ಏಳು ಹಿಂದೆ ಇರುವುದು ಬೇರೆ ಅಲ್ವಾ?

ಲೆಟರ್‌ಕೆನ್ನಿಮಳೆ | ಜುಲೈ 28, 2025

ಡೊನೆಗಾಲ್‌ನಿಂದ ಸೂತಕದ ಮನೆಯ ನಮಸ್ಕಾರ.

ಹೆಗಲು ವಿರಾಮಕ್ಕಿಂತ ಮೊದಲೇ ಇಳಿದಿತ್ತು. ನಮ್ಮ ಮ್ಯಾನೇಜರ್ ಜಿಮ್ ಮೆಕ್‌ಗಿನ್ನೆಸ್ ಜಾಗ ಕಾಯುವ ರಕ್ಷಣೆಗೆ ಅಂಟಿಕೊಂಡರು. ಆಳಿಗೆ ಆಳು ಅಂತ ಹಿಂದೆ ಬೀಳಲಿಲ್ಲ. ಅದರ ಲಾಭ ಪೂರ್ತಿ ಪಡೆದವನು ಡೇವಿಡ್ ಅಲ್ಲ, ಅವನ ಅಣ್ಣ ಪಾಡಿ ಕ್ಲಿಫರ್ಡ್. ಮೈದಾನದ ನಡುವೆ ಆರಾಮಾಗಿ ಬಾಲ್ ತೆಗೆದುಕೊಳ್ಳುತ್ತಿದ್ದ, ತಲೆ ಎತ್ತಿ ನೋಡುತ್ತಿದ್ದ, ಬೇಕಾದವರಿಗೆ ಕೊಡುತ್ತಿದ್ದ. ಯಾರೂ ಹತ್ತಿರ ಹೋಗುತ್ತಿರಲಿಲ್ಲ. ನಾನು ಟೀವಿ ಮುಂದೆ ಕೂತು "ಯಾರಾದರೂ ಹೋಗ್ರೋ" ಅಂತ ಕೂಗುತ್ತಿದ್ದೆ, ಕನ್ನಡದಲ್ಲಿ. ಪಬ್ಬಿನಲ್ಲಿ ಪಕ್ಕದವನಿಗೆ ಅರ್ಥ ಆಯಿತು, ತಲೆ ಆಡಿಸಿದ.

ನಮ್ಮ ಮೈಕಲ್ ಮರ್ಫಿ ಬಗ್ಗೆ ಒಂದು ಮಾತು ಹೇಳಲೇಬೇಕು. 2012ರಲ್ಲಿ ಕಪ್ ಎತ್ತಿದ ಕ್ಯಾಪ್ಟನ್. 2022ರಲ್ಲಿ ನಿವೃತ್ತಿ ಹೇಳಿದ. ಈ ವರ್ಷ ಮತ್ತೆ ಬೂಟು ಹಾಕಿದ. ಊರಿನಲ್ಲಿ "ಯಾಕೆ ಬೇಕಿತ್ತು" ಅಂದವರೂ ಇದ್ದರು. ನಿನ್ನೆ ತಂಡ ಮುಳುಗುವಾಗಲೂ ಅಂಕ ತರುತ್ತಾ ಇದ್ದವನು ಅವನೇ.

ನಿಯಮಪುಸ್ತಕ | ಜುಲೈ 28, 2025

ಲೆಕ್ಕ ಹಾಕಿ ನೋಡೋಣ. ಕ್ಲಿಫರ್ಡ್ ಫೈನಲ್‌ನಲ್ಲಿ 9 ಅಂಕ ತಂದ, ಅದರಲ್ಲಿ ಮೂರು ಎರಡಂಕದ ಕಿಕ್. ಆ ಮೂರನ್ನೂ ಹಳೆಯ ಲೆಕ್ಕದಲ್ಲಿ ಒಂದೊಂದೇ ಅಂತ ಹಿಡಿಯಿರಿ. ಡೊನೆಗಾಲ್‌ನ ಒಂದಂಕವನ್ನೂ ಮುಟ್ಟಬೇಡಿ. ಆಗಲೂ ಕೆರ್ರಿ ಏಳು ಅಂಕ ಮುಂದೆ.

ಕಿಲ್ಲಾರ್ನಿಕಾಫಿ | ಜುಲೈ 28, 2025

ಲೆಕ್ಕ ಸರಿ. ಆದರೆ ಕಮಾನಿನ ಹತ್ತಿರ ಅವನು ಬಾಲ್ ಹಿಡಿದ ತಕ್ಷಣ ಇಬ್ಬರು ಓಡಿ ಬರಬೇಕು. ಹಿಂದೆ ಜಾಗ ಖಾಲಿ ಆಗುತ್ತದೆ. ಹೊಡೆಯದೆ ಇದ್ದರೂ ಆ ಕಿಕ್ ಕೆಲಸ ಮಾಡುತ್ತಿರುತ್ತದೆ. ಸ್ಕೋರ್‌ಬೋರ್ಡ್‌ನಿಂದ ಕಳೆದರೆ ಅದು ಕಳೆಯುವುದಿಲ್ಲ.

ಲಿಫಿದಂಡೆ | ಜುಲೈ 29, 2025

@ಕಿಲ್ಲಾರ್ನಿಕಾಫಿ ಒಪ್ಪಿದೆ, ಅದು ಒಳ್ಳೆ ಮಾತು. ಆದರೆ ನನ್ನ ಸಾಕ್ಷಿ ಫೈನಲ್ ಅಲ್ಲ. ಜೂನ್ 29ರ ಕ್ವಾರ್ಟರ್ ಫೈನಲ್. ಕೆರ್ರಿ ಮತ್ತು ಆರ್ಮಾ. ಅವತ್ತು ನಾನು ಕ್ರೋಕ್ ಪಾರ್ಕ್‌ನಲ್ಲಿ ಇದ್ದೆ.

ಆರ್ಮಾ ಹಾಲಿ ಚಾಂಪಿಯನ್. ಮೊದಲಾರ್ಧದಲ್ಲಿ ಅವರದೇ ಜೋರು, ವಿರಾಮಕ್ಕೂ ಅವರೇ ಮುಂದೆ. ಆಮೇಲೆ ಸುಮಾರು ಕಾಲು ಗಂಟೆ ನಡೆದದ್ದನ್ನು ಹೇಗೆ ಹೇಳಲಿ. ಕೆರ್ರಿ ಒಂದು ಅಂಕ ಹೊಡೆಯುತ್ತದೆ. ಆರ್ಮಾ ಕೀಪರ್ ಬಾಲ್ ಇಡುತ್ತಾನೆ. ಮೊದಲಿನ ಕಾಲ ಆಗಿದ್ದರೆ ಪಕ್ಕದಲ್ಲಿ ನಿಂತ ಡಿಫೆಂಡರ್‌ಗೆ ಹದಿನೈದು ಮೀಟರ್ ಪಾಸ್ ಕೊಟ್ಟು ಉಸಿರು ತೆಗೆದುಕೊಳ್ಳುತ್ತಿದ್ದ. ಈಗ ಆಗುವುದಿಲ್ಲ, ಕಮಾನು ದಾಟಿಸಲೇಬೇಕು. ಅಲ್ಲಿ ಕೆರ್ರಿಯವರು ಗುಂಪಾಗಿ ಕಾದಿದ್ದಾರೆ. ಬಾಲ್ ಗಾಳಿಯಲ್ಲಿ ಇರುವಾಗಲೇ ಒಬ್ಬ ಹಾರುತ್ತಾನೆ, ಇನ್ನಿಬ್ಬರು ಕೆಳಗೆ ಬೀಳುವುದನ್ನು ಹೆಕ್ಕಲು ಸಿದ್ಧ. ಮತ್ತೆ ಕೆರ್ರಿ ಅಂಕ. ಮತ್ತೆ ಕೀಪರ್ ಬಾಲ್ ಇಡುತ್ತಾನೆ. ಮತ್ತೆ ಅದೇ ಕಥೆ. ಸತತ 14 ಅಂಕ, ಆರ್ಮಾದಿಂದ ಒಂದೂ ಇಲ್ಲ. ನನ್ನ ಮುಂದಿನ ಸಾಲಿನಲ್ಲಿ ಕಿತ್ತಳೆ ಜರ್ಸಿಯ ಒಂದು ಕುಟುಂಬ ಇತ್ತು. ಅಪ್ಪ ಪ್ರತಿ ಕಿಕ್‌ಔಟ್‌ಗೂ ಎದ್ದು ನಿಲ್ಲುತ್ತಿದ್ದ. ಕೊನೆಕೊನೆಗೆ ಏಳುವುದನ್ನೇ ಬಿಟ್ಟ.

0-32, 1-21. ಕೆರ್ರಿಗೆ ಅವತ್ತು ಒಂದು ಗೋಲೂ ಬೇಕಾಗಲಿಲ್ಲ. ಅಂದಹಾಗೆ ಅವತ್ತು ಜಾಸ್ತಿ ಅಂಕ ಹೊಡೆದವನು ಕ್ಲಿಫರ್ಡ್ ಅಲ್ಲ, 12 ಅಂಕದ ಶಾನ್ ಓ'ಷೇ.

ಚಿಕ್ಕ ಕಿಕ್‌ಔಟ್ ಇದ್ದಿದ್ದರೆ ಆರ್ಮಾ ಎರಡು ನಿಮಿಷ ಬಾಲ್ ಇಟ್ಟುಕೊಂಡು ಆ ಬಿರುಗಾಳಿಯನ್ನು ತಣ್ಣಗೆ ಮಾಡುತ್ತಿತ್ತು. ಅದಕ್ಕೇ ನಾನು ಹೇಳುವುದು, ಹೊಸ ನಿಯಮಗಳಲ್ಲಿ ಹಲ್ಲಿರುವುದು ಇದಕ್ಕೆ.

ನಿಯಮಪುಸ್ತಕ | ಜುಲೈ 29, 2025

ಇದರಲ್ಲಿ ಒಂದು ತಮಾಷೆ ಇದೆ. ಚಿಕ್ಕ ಕಿಕ್‌ಔಟನ್ನು ಒಂದು ವಿದ್ಯೆಯನ್ನಾಗಿ ಮಾಡಿದವನು ಡಬ್ಲಿನ್ ಕೀಪರ್ ಸ್ಟೀಫನ್ ಕ್ಲಕ್ಸ್‌ಟನ್. ಆ ಕಿಕ್‌ಔಟ್‌ಗಳ ಬೆನ್ನ ಮೇಲೆ ಡಬ್ಲಿನ್ 2015ರಿಂದ 2019ರವರೆಗೆ ಸತತ ಐದು ಸಲ ಗೆದ್ದಿತು. ಆಗ ಮ್ಯಾನೇಜರ್ ಯಾರು? ಜಿಮ್ ಗ್ಯಾವಿನ್. ಈಗ ಅದಕ್ಕೆ ಬೀಗ ಹಾಕಿದ ಸಮಿತಿಯ ಅಧ್ಯಕ್ಷ ಯಾರು? ಅದೇ ಜಿಮ್ ಗ್ಯಾವಿನ್. ಕಳ್ಳದಾರಿ ಗೊತ್ತಿದ್ದವನಿಗೇ ಬೇಲಿ ಎಲ್ಲಿ ಹಾಕಬೇಕು ಅನ್ನುವುದೂ ಗೊತ್ತು.

ಲೆಟರ್‌ಕೆನ್ನಿಮಳೆ | ಜುಲೈ 29, 2025

ಕಿಕ್‌ಔಟ್ ಮತ್ತು ಕೆರ್ರಿ ಅಂದಕೂಡಲೇ ನಮ್ಮ ಕಡೆಯವರಿಗೆ 2014 ನೆನಪಾಗುತ್ತದೆ. ಅದೂ ಫೈನಲ್, ಅದೇ ಮೆಕ್‌ಗಿನ್ನೆಸ್, ಅದೇ ಕೆರ್ರಿ. ನಮ್ಮ ಕೀಪರ್ ಪಾಲ್ ಡರ್ಕನ್ ಚಿಕ್ಕ ಕಿಕ್‌ಔಟ್ ಕೊಡಲು ಹೋದ. ಕೀರನ್ ಡೊನಾಹಿ ನಡುವೆ ಬಂದು ಬಾಲ್ ಕಸಿದು ಖಾಲಿ ಬಲೆಗೆ ನೂಕಿದ. 2-9, 0-12. ಮೂರೇ ಅಂಕದ ಸೋಲು. ಚಿಕ್ಕದು ಕೊಟ್ಟರೆ ಆ ಗತಿ, ಉದ್ದ ಕೊಟ್ಟರೆ ಈ ಗತಿ. ನಮಗೆ ಕೆರ್ರಿ ವಿರುದ್ಧ ಕಿಕ್‌ಔಟೇ ಇಲ್ಲದ ಆಟ ಬೇಕು.

ಹುಬ್ಳಿಹೈದ | ಜುಲೈ 29, 2025

😂😂 ಇನ್ನೊಂದು ಪ್ರಶ್ನೆ. ಇವರಿಗೆ ಸಂಬಳ ಎಷ್ಟು? 82 ಸಾವಿರ ಜನ ಕೂತು ನೋಡುತ್ತಾರೆ ಅಂದರೆ ಕ್ಲಿಫರ್ಡ್ ಕೋಟ್ಯಧಿಪತಿಯೇ ಇರಬೇಕು.

ಡ್ರಾಹಡಾದಾವಣಗೆರೆ | ಜುಲೈ 29, 2025

@ಹುಬ್ಳಿಹೈದ ಸಂಬಳ ಸೊನ್ನೆ. ಓಡಾಟದ ಖರ್ಚು, ಊಟ, ಅಷ್ಟೇ. ಎಲ್ಲರಿಗೂ ಬೇರೆ ಕೆಲಸ ಇದೆ. ಮೇಷ್ಟ್ರು, ರೈತರು, ಬ್ಯಾಂಕಿನವರು, ಕಾಲೇಜು ಹುಡುಗರು. ಭಾನುವಾರ ಕ್ರೋಕ್ ಪಾರ್ಕ್, ಸೋಮವಾರ ಕ್ಲಾಸ್‌ರೂಮ್.

ಹಣಕ್ಕಾಗಿ ತಂಡ ಬದಲಿಸುವುದೂ ಇಲ್ಲ. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ ದಾವಣಗೆರೆ ಹುಡುಗ ದಾವಣಗೆರೆ ಜಿಲ್ಲೆಗೇ ಆಡಬೇಕು, ಬೆಂಗಳೂರು ಎಷ್ಟೇ ಕರೆದರೂ. ಊರಿನ ಕ್ಲಬ್ಬಿನಿಂದ ಕೌಂಟಿಗೆ, ಕೌಂಟಿಯಿಂದ ಕ್ರೋಕ್ ಪಾರ್ಕ್‌ಗೆ. ಹಾಗಾಗಿ ಜನಸಂಖ್ಯೆ ಕಡಿಮೆ ಇರುವ ಕೌಂಟಿಗಳು ಅಜ್ಜ ಮುತ್ತಜ್ಜನ ಕಾಲದಿಂದ ಕಾಯುತ್ತಾ ಕೂತಿರುತ್ತವೆ.

ಅದಕ್ಕೇ ನನಗೆ ಈ ಸೀಸನ್ ಅಂದರೆ ಫೈನಲ್ ಅಲ್ಲವೇ ಅಲ್ಲ. ಮೇ 11. ಲೆನ್‌ಸ್ಟರ್ ಪ್ರಾಂತ್ಯದ ಫೈನಲ್. ಲೌತ್ 3-14, ಮೀಥ್ 1-18.

ಲೌತ್ ವಿಸ್ತೀರ್ಣದಲ್ಲಿ ಐರ್ಲೆಂಡ್‌ನ ಅತಿ ಚಿಕ್ಕ ಕೌಂಟಿ. ಕೊನೆಯ ಸಲ ಲೆನ್‌ಸ್ಟರ್ ಗೆದ್ದದ್ದು 1957ರಲ್ಲಿ, ಆ ವರ್ಷ ಆಲ್ ಐರ್ಲೆಂಡ್ ಕೂಡ. ಆಮೇಲೆ 68 ವರ್ಷ ಏನೂ ಇಲ್ಲ. ನಡುವೆ 2010ರಲ್ಲಿ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇದೇ ಮೀಥ್ ವಿರುದ್ಧ ಗೆಲ್ಲುವ ಹಂತದಲ್ಲಿದ್ದಾಗ, 70 ನಿಮಿಷ ಮುಗಿದು ರೆಫ್ರಿ ಸೇರಿಸಿದ ನಿಮಿಷಗಳ ಕೊನೆಯಲ್ಲಿ ಮೀಥ್‌ನ ಜೋ ಶೆರಿಡನ್ ಬಾಲ್ ಹಿಡಿದೇ ಗೆರೆ ದಾಟಿಸಿದ. ನಿಯಮದ ಪ್ರಕಾರ ಅದು ಗೋಲೇ ಅಲ್ಲ. ಆದರೂ ಕೊಟ್ಟರು. 1-12, 1-10. ಪಂದ್ಯ ಮತ್ತೆ ಆಡಿಸಲಿಲ್ಲ. ಈ ಊರಿನಲ್ಲಿ ಆ ಹೆಸರು ತೆಗೆದರೆ ಇವತ್ತಿಗೂ ಚಹಾ ಆರಿಹೋಗುವವರೆಗೆ ಬೈಗುಳ ಕೇಳಬೇಕು. 2023, 2024 ಎರಡೂ ವರ್ಷ ಫೈನಲ್‌ಗೆ ಹೋಗಿ ಡಬ್ಲಿನ್‌ಗೆ ಸೋತರು.

ಈ ವರ್ಷ 65 ಸಾವಿರಕ್ಕೂ ಮೀರಿದ ಜನ. ಮ್ಯಾನೇಜರ್ ಗರ್ ಬ್ರೆನನ್ ಅವರ ಲೌತ್ ತಂಡ ಎರಡೇ ಅಂಕದಿಂದ ಗೆದ್ದಿತು. ಕ್ಯಾಪ್ಟನ್ ಸ್ಯಾಮ್ ಮಲ್ರಾಯ್ ಕಪ್ ಎತ್ತಿದಾಗ ನಮ್ಮ ಬೀದಿಯ ಅಜ್ಜಿಯೊಬ್ಬರು ರೇಡಿಯೋ ಹಿಡಿದುಕೊಂಡೇ ಬಾಗಿಲಿಗೆ ಬಂದು ಅತ್ತರು. 1957ರಲ್ಲಿ ಅವರಿಗೆ ಹತ್ತು ಹನ್ನೊಂದು ವಯಸ್ಸು.

ಕೆರ್ರಿಗೆ 39. ನಮಗೆ ಇದೊಂದೇ ಸಾಕು.

ನವನ್‌ನಿವಾಸಿ | ಜುಲೈ 30, 2025

ಮೀಥ್ ಕಡೆಯಿಂದಲೂ ಒಬ್ಬ ಇದ್ದೇನೆ, ಬೈಯುವುದಿದ್ದರೆ ಎದುರಿಗೇ ಬೈಯಿರಿ. 2010ರದು ಅನ್ಯಾಯವೇ, ಇಲ್ಲಿನವರೂ ಒಪ್ಪುತ್ತಾರೆ. ನಾಲ್ಕನೇ ಗ್ಲಾಸಿನ ಮೇಲೆ.

ಆದರೆ ಈ ವರ್ಷ ಮೀಥ್ ಏನೇನು ಮಾಡಿತು ನೋಡಿ. ಏಪ್ರಿಲ್‌ನಲ್ಲಿ ಪೋರ್ಟ್‌ಲೀಶ್‌ನಲ್ಲಿ ಡಬ್ಲಿನ್ ತಂಡವನ್ನು ಸೋಲಿಸಿತು, 0-23, 1-16. ಸತತ 14 ವರ್ಷದಿಂದ ಲೆನ್‌ಸ್ಟರ್ ಕಪ್ ಬಿಟ್ಟುಕೊಡದ ಡಬ್ಲಿನ್! ಜೂನ್ 14ಕ್ಕೆ ಟುಲ್ಲಮೋರ್‌ನಲ್ಲಿ ಕೆರ್ರಿಯನ್ನು ಸೋಲಿಸಿತು, 1-22, 0-16. ಒಂಬತ್ತು ಅಂಕ. ಕ್ವಾರ್ಟರ್ ಫೈನಲ್‌ನಲ್ಲಿ ಗಾಲ್ವೇಯನ್ನು ಸೋಲಿಸಿತು, 2-16, 2-15. ಮ್ಯಾನೇಜರ್ ರಾಬಿ ಬ್ರೆನನ್ ಅವರ ಈ ಮೀಥ್ ತಂಡದ ಮೇಲೆ ವರ್ಷದ ಆರಂಭದಲ್ಲಿ ಯಾರೂ ನಯಾಪೈಸೆ ಕಟ್ಟುತ್ತಿರಲಿಲ್ಲ.

ಈಗ ನನ್ನ ಹೊಟ್ಟೆ ಉರಿ ಕೇಳಿ. ಕೆರ್ರಿಯನ್ನು ಒಂಬತ್ತು ಅಂಕದಿಂದ ಬಡಿದ ಮೀಥ್ ಕೈ ಖಾಲಿ. ಏಟು ತಿಂದ ಕೆರ್ರಿ ಚಾಂಪಿಯನ್. ಇದು ಎಂಥ ಟೂರ್ನಿ?

ಕಿಲ್ಲಾರ್ನಿಕಾಫಿ | ಜುಲೈ 30, 2025

ಅವತ್ತು ನಮ್ಮ ಗಾಯಾಳುಗಳ ಪಟ್ಟಿ ರೇಷನ್ ಅಂಗಡಿ ಕ್ಯೂ ಅಷ್ಟು ಉದ್ದ ಇತ್ತು. ಪಾಡಿಯೂ ಆಡಲಿಲ್ಲ. ಮತ್ತೆ, ಡೊನೆಗಾಲ್ ಸೆಮಿಯಲ್ಲಿ ಮೀಥ್‌ಗೆ 3-26 ಹೊಡೆಯಿತಲ್ಲ, ಅದಕ್ಕೂ ಟೂರ್ನಿಯೇ ಕಾರಣವಾ?

ನವನ್‌ನಿವಾಸಿ | ಜುಲೈ 30, 2025

ಅದು ಬೇಡ. ಆ ದಿನದ ಬಗ್ಗೆ ನಾವು ಮನೆಯಲ್ಲೂ ಮಾತಾಡುವುದಿಲ್ಲ. 🙏

ಲಿಫಿದಂಡೆ | ಜುಲೈ 30, 2025

@ನವನ್‌ನಿವಾಸಿ ಹೇಳಿದ್ದರಲ್ಲಿ ಹುರುಳಿದೆ. ಫೈನಲ್ ಆಡಿದ ಇಬ್ಬರೂ ತಮ್ಮ ಗುಂಪಿನಲ್ಲಿ ಮೊದಲು ಬಂದವರಲ್ಲ. ಕೆರ್ರಿ ಗುಂಪಿನಲ್ಲಿ ಮೀಥ್ ಮೊದಲು. ಡೊನೆಗಾಲ್ ಗುಂಪಿನಲ್ಲಿ ಟೈರೋನ್ ಮೊದಲು. ಟೈರೋನ್ ಬ್ಯಾಲಿಬೋಫಿಗೇ ಹೋಗಿ ಡೊನೆಗಾಲ್ ಮಣಿಸಿತ್ತು, 2-17, 0-20. ಹಾಗಾಗಿ ಕೆರ್ರಿ, ಡೊನೆಗಾಲ್ ಇಬ್ಬರೂ ಪ್ರಿಲಿಮಿನರಿ ಕ್ವಾರ್ಟರ್ ಫೈನಲ್ ಅನ್ನುವ ಹಿಂಬಾಗಿಲಿನಿಂದ ಒಳಗೆ ಬಂದರು. ಕೆರ್ರಿ ಕ್ಯಾವನ್ ವಿರುದ್ಧ, ಡೊನೆಗಾಲ್ ಲೌತ್ ವಿರುದ್ಧ.

ಲೆಟರ್‌ಕೆನ್ನಿಮಳೆ | ಜುಲೈ 30, 2025

ಹಿಂಬಾಗಿಲು ಅಂದರೂ ಅಷ್ಟು ಸುಲಭ ಇರಲಿಲ್ಲ ಮಾರಾಯ್ರೆ. ನಮ್ಮ ದಾರಿ ನೋಡಿ. ಕ್ಲೋನ್ಸ್‌ನಲ್ಲಿ ಅಲ್ಸ್ಟರ್ ಪ್ರಾಂತ್ಯದ ಫೈನಲ್, ಆರ್ಮಾ ವಿರುದ್ಧ, ಹೆಚ್ಚುವರಿ ಆಟ ಆಡಿ ಒಂದೇ ಅಂಕದಿಂದ ಗೆದ್ದೆವು. 2-23, 0-28. ಪಾಪ ಆರ್ಮಾ, ಹಿಂದಿನ ಎರಡು ಅಲ್ಸ್ಟರ್ ಫೈನಲ್‌ಗಳನ್ನೂ ಪೆನಾಲ್ಟಿಯಲ್ಲಿ ಕಳಕೊಂಡಿತ್ತು. ಕ್ಲೋನ್ಸ್ ಅಂದರೆ ಗುಡ್ಡದ ಮೇಲೊಂದು ಸಣ್ಣ ಪೇಟೆ. ಅಲ್ಸ್ಟರ್ ಫೈನಲ್ ದಿನ ಪೇಟೆಯ ಬೀದಿಯಲ್ಲಿ ಬರ್ಗರ್ ವ್ಯಾನ್, ಬಾವುಟ, ಹಳದಿ-ಹಸಿರು ಒಂದು ಕಡೆ, ಕಿತ್ತಳೆ ಇನ್ನೊಂದು ಕಡೆ. ಕಾರು ಎಲ್ಲೋ ಹೊಲದಲ್ಲಿ ಬಿಟ್ಟು ನಡೆದೇ ಹೋಗಬೇಕು.

ಆಮೇಲೆ ಗುಂಪಿನಲ್ಲಿ ಮೇಯೋ ಪಂದ್ಯ, ರಾಸ್‌ಕಾಮನ್‌ನಲ್ಲಿ. 0-19, 1-15. ಕೊನೆಯ ಕ್ಷಣದಲ್ಲಿ ಕೀರನ್ ಮೂರ್ ಹೊಡೆದ ಅಂಕ ಇಲ್ಲದಿದ್ದರೆ ಮೇಯೋ ಮುಂದೆ ಹೋಗುತ್ತಿತ್ತು. ಮೇಯೋ 1951ರಿಂದ ಕಪ್ ಮುಖ ನೋಡಿಲ್ಲ. ಅವರ ಅಭಿಮಾನಿಗಳಿಗೆ ಅಲ್ಲಿಗೆ ಸೀಸನ್ ಮುಗಿಯಿತು.

ನಿಯಮಪುಸ್ತಕ | ಜುಲೈ 31, 2025

ಫಾರ್ಮ್ಯಾಟ್ ಮೇಲೆ ನನ್ನ ಸಿಟ್ಟು ಬೇರೆ. ನಾಲ್ಕು ಗುಂಪು, ಗುಂಪಿಗೆ ನಾಲ್ಕು ತಂಡ, ಪ್ರತಿ ಗುಂಪಿನಿಂದ ಮೂರು ತಂಡ ಮುಂದಕ್ಕೆ. ಅಂದರೆ 24 ಪಂದ್ಯ ಆಡಿಸಿ ಹೊರಗೆ ಕಳಿಸಿದ್ದು ನಾಲ್ಕೇ ತಂಡ. ರಾಸ್‌ಕಾಮನ್, ಮೇಯೋ, ಕ್ಲೇರ್, ಡೆರ್ರಿ. ಇಷ್ಟಕ್ಕೆ ಇಡೀ ಬೇಸಿಗೆ ಬೇಕಿತ್ತಾ?

ಫೆಬ್ರವರಿಯ ಕಾಂಗ್ರೆಸ್‌ನಲ್ಲೇ, ಅಂದರೆ ಆಟ ನಡೆಸುವ ಸಂಸ್ಥೆಯ ಮಹಾಸಭೆಯಲ್ಲೇ, ಇದಕ್ಕೆ ಕೊನೆ ಹಾಡಿದ್ದಾರೆ. 2026ರಿಂದ ಗುಂಪು ಹಂತ ಇಲ್ಲ. 16 ತಂಡಗಳ ಮೊದಲ ಸುತ್ತು. ಗೆದ್ದ ಎಂಟು ಒಂದು ಕಡೆ, ಸೋತ ಎಂಟು ಇನ್ನೊಂದು ಕಡೆ. ಗೆದ್ದವರ ಸುತ್ತಿನಲ್ಲಿ ಮತ್ತೆ ಗೆದ್ದರೆ ನೇರ ಕ್ವಾರ್ಟರ್ ಫೈನಲ್. ಸೋತವರ ಸುತ್ತಿನಲ್ಲಿ ಮತ್ತೆ ಸೋತರೆ ಮನೆಗೆ. ನಡುವೆ ಉಳಿದವರು ಮೂರನೇ ಸುತ್ತಿನಲ್ಲಿ ಹೊಡೆದಾಡಬೇಕು.

ಹುಬ್ಳಿಹೈದ | ಜುಲೈ 31, 2025

ಹಾಗಾದರೆ ಆ ಪದ್ಧತಿಯಲ್ಲಿ ಈ ವರ್ಷ ಆಡಿದ್ದರೆ ಕೆರ್ರಿ ಹೊರಗೆ ಹೋಗುತ್ತಿತ್ತಾ?

ನಿಯಮಪುಸ್ತಕ | ಜುಲೈ 31, 2025

ಇಲ್ಲ. ಒಂದು ಸೋಲಿಗೆ ಅಲ್ಲೂ ಕ್ಷಮೆ ಇದೆ. ಕೆರ್ರಿ ಸೋತದ್ದು ಒಂದೇ ಸಲ. ನವನ್‌ನವರಿಗೆ ಅದರಿಂದಲೂ ಸಮಾಧಾನ ಸಿಗಲ್ಲ.

ಡ್ರಾಹಡಾದಾವಣಗೆರೆ | ಆಗಸ್ಟ್ 2, 2025

ವಿಷಯ ಸ್ವಲ್ಪ ಬೇರೆ. ಮಗಳನ್ನು ಇಲ್ಲಿನ ಕ್ಲಬ್ಬಿನ ಮಕ್ಕಳ ಅಕಾಡೆಮಿಗೆ ಸೇರಿಸಿದ್ದೇವೆ. ಶನಿವಾರ ಬೆಳಿಗ್ಗೆ ಮಳೆ ಇರಲಿ ಬಿಡಲಿ, ಮೈದಾನದಲ್ಲಿ ಅಪ್ಪ ಅಮ್ಮಂದಿರೇ ಕೋಚ್. ಅವಳಿಗೆ ಸೋಲೋ ಇನ್ನೂ ಒಗ್ಗಿಲ್ಲ. ಬಾಲನ್ನು ಪಾದದ ಮೇಲೆ ಬಿಡುತ್ತಾಳೆ, ಅದು ಕೈಗೆ ವಾಪಸ್ ಬರುವ ಬದಲು ಪಕ್ಕದ ಹುಡುಗಿಯ ಮುಖಕ್ಕೆ ಹೋಗುತ್ತದೆ. ಬೆರಳನ್ನು ಮೇಲಕ್ಕೆ ಮಡಚಬೇಕು, ಬಾಲನ್ನು ಎತ್ತರದಿಂದ ಬಿಡಬಾರದು, ಸೊಂಟದ ಕೆಳಗೆ ಹಿಡಿದು ಬಿಡಬೇಕು ಅಂತ ಕೋಚ್ ಹೇಳಿಕೊಡುತ್ತಾರೆ. ಈಗ ಮನೆ ಹಾಲ್‌ನಲ್ಲಿ ಸಾಕ್ಸ್ ಸುತ್ತಿ ಉಂಡೆ ಮಾಡಿ ಅಭ್ಯಾಸ ನಡೆದಿದೆ. ಹೂದಾನಿ ಎತ್ತಿಟ್ಟಿದ್ದೇವೆ.

ಹೆಂಗಸರ ಆಟದಲ್ಲಿ ನೆಲದಿಂದ ಬಾಲನ್ನು ನೇರ ಕೈಯಿಂದ ಎತ್ತಬಹುದು. ಅದೊಂದು ಅವಳಿಗೆ ಭಾರಿ ಖುಷಿ. ನಾಳೆ ಹೆಂಗಸರ ಆಲ್ ಐರ್ಲೆಂಡ್ ಫೈನಲ್, ಡಬ್ಲಿನ್ ಮತ್ತು ಮೀಥ್. ಕರೆದುಕೊಂಡು ಹೋಗುತ್ತಿದ್ದೇವೆ. ಯಾರಾದರೂ ಬರುತ್ತೀರಾ?

ನವನ್‌ನಿವಾಸಿ | ಆಗಸ್ಟ್ 2, 2025

ನಾವೂ ಬರುತ್ತೇವೆ. ಕ್ರೋಕ್ ಪಾರ್ಕ್‌ನ ಹೋಗನ್ ಸ್ಟ್ಯಾಂಡ್ ಕಡೆ. ಚಿತ್ರಾನ್ನ ನಮ್ಮದು.

@ಹುಬ್ಳಿಹೈದ ಆ ಸ್ಟ್ಯಾಂಡಿನ ಹೆಸರಿನ ಹಿಂದೆ ಒಂದು ಕಥೆ ಇದೆ. 1920ರ ನವೆಂಬರ್ 21ರಂದು ಬ್ರಿಟಿಷ್ ಪಡೆಗಳು ಇದೇ ಮೈದಾನಕ್ಕೆ ನುಗ್ಗಿ ಪಂದ್ಯದ ನಡುವೆಯೇ ಗುಂಡು ಹಾರಿಸಿದವು. 14 ಜನ ಸತ್ತರು. ಅದರಲ್ಲಿ ಟಿಪ್ಪರೇರಿ ಆಟಗಾರ ಮೈಕಲ್ ಹೋಗನ್ ಒಬ್ಬ. ಜಲಿಯನ್‌ವಾಲಾ ಬಾಗ್ ಆಗಿ ಒಂದೂವರೆ ವರ್ಷವಷ್ಟೇ ಆಗಿತ್ತು. ಇದನ್ನು ಇಲ್ಲಿನ ಸಹೋದ್ಯೋಗಿಗೆ ಹೇಳಿದಾಗ ಅವನು ತುಂಬ ಹೊತ್ತು ಅಮೃತಸರದ ಬಗ್ಗೆಯೇ ಕೇಳುತ್ತಾ ಕೂತ.

ಡ್ರಾಹಡಾದಾವಣಗೆರೆ | ಆಗಸ್ಟ್ 4, 2025

ಡಬ್ಲಿನ್ ಸುಲಭವಾಗಿ ಗೆದ್ದಿತು. ನವನ್‌ನವರ ಚಿತ್ರಾನ್ನ ಮಾತ್ರ ಸೋಲಲಿಲ್ಲ. ಮಗಳು ವಾಪಸ್ ಬರುವ ದಾರಿಯುದ್ದಕ್ಕೂ ಕೇಳಿದ್ದು ಒಂದೇ: "ಅವರ ಬಾಲ್ ಮುಖಕ್ಕೆ ಯಾಕೆ ಹೋಗಲ್ಲ?"

ಹುಬ್ಳಿಹೈದ | ಅಕ್ಟೋಬರ್ 6, 2025

ಈ ಚರ್ಚೆಯನ್ನು ಮತ್ತೆ ಮೇಲೆ ಎತ್ತುತ್ತಿದ್ದೇನೆ. ಶನಿವಾರ ವಿಶೇಷ ಕಾಂಗ್ರೆಸ್‌ನಲ್ಲಿ ಹೊಸ ನಿಯಮಗಳನ್ನು ಕಾಯಂ ಮಾಡಿದರಂತೆ? ತಂಗಿ ಹೇಳಿದಳು. ಹಳೆಯ ಪಂದ್ಯ ಒಂದನ್ನು ಹುಡುಕಿ ನೋಡಿದೆ, 2023ರದು. ಅಬ್ಬಾ, ಅರ್ಧ ಗಂಟೆ ಕೈಯಿಂದ ಕೈಗೆ ಪಾಸ್. ನಿದ್ದೆ ಬಂತು.

ನಿಯಮಪುಸ್ತಕ | ಅಕ್ಟೋಬರ್ 6, 2025

ಹೌದು, ಕಾಯಂ. ಎರಡಂಕವೂ ಉಳಿಯಿತು, ಕಿಕ್‌ಔಟ್ ನಿಯಮವೂ ಉಳಿಯಿತು. ನನಗೆ ಎರಡಂಕದ ಬಗ್ಗೆ ಇನ್ನೂ ತಕರಾರಿದೆ. ಕ್ರೋಕ್ ಪಾರ್ಕ್‌ನಲ್ಲಿ ಜುಲೈ ತಿಂಗಳಲ್ಲಿ ಸರಿ. ಫೆಬ್ರವರಿಯಲ್ಲಿ ಯಾವುದೋ ಬಯಲಿನಲ್ಲಿ ಗಾಳಿ ಬೆನ್ನಿಗೆ ಇರುವ ತಂಡ ಒಂದರ ಹಿಂದೆ ಒಂದು ಎರಡಂಕ ಹೊಡೆಯುತ್ತಿದ್ದರೆ, ಎದುರು ತಂಡ ವಿರಾಮಕ್ಕೇ ಪಂದ್ಯ ಬಿಟ್ಟುಕೊಟ್ಟ ಹಾಗೆ. ಟಾಸ್ ಗೆದ್ದವನದೇ ಆಟ ಆಗಬಾರದು.

ಲಿಫಿದಂಡೆ | ಅಕ್ಟೋಬರ್ 6, 2025

ಗಾಳಿ ಅರ್ಧ ಆಟಕ್ಕೆ ನಿನ್ನದು, ಅರ್ಧ ಆಟಕ್ಕೆ ಎದುರಾಳಿಯದು. ಅದಕ್ಕಿಂತ ಗಾಳಿಗೆ ಎದುರಾಗಿ ಕಮಾನು ದಾಟುವ ಕಿಕ್‌ಔಟ್ ಕೊಡಬೇಕಾದ ಕೀಪರ್ ಬಗ್ಗೆ ಯೋಚಿಸಿ. ಮುಂದಿನ ವರ್ಷ ಮ್ಯಾನೇಜರ್‌ಗಳು ಹುಡುಕುವುದು ಶೂಟರ್‌ಗಳನ್ನಲ್ಲ. ಆರೂವರೆ ಅಡಿ ಎತ್ತರದ, ಗುಂಪಿನ ಮೇಲೆ ಹಾರಿ ಬಾಲ್ ಹಿಡಿಯುವ ಮಿಡ್‌ಫೀಲ್ಡರ್‌ಗಳನ್ನು. ಫೈನಲ್‌ನ ಕೊನೆಯಲ್ಲಿ ಗೋಲು ಹೊಡೆದವನೂ ಕೆರ್ರಿಯ ಮಿಡ್‌ಫೀಲ್ಡರೇ, ಜೋ ಓ'ಕಾನರ್.

ಕಿಲ್ಲಾರ್ನಿಕಾಫಿ | ಅಕ್ಟೋಬರ್ 7, 2025

ಮತ್ತೆ ಕಿಕ್‌ಔಟ್‌ಗೇ ಬಂದಿರಾ! ಸರಿ, ಅರ್ಧ ನಿಮಗೆ ಬಿಟ್ಟುಕೊಡುತ್ತೇನೆ. ಆರ್ಮಾ ಪಂದ್ಯ ಕಿಕ್‌ಔಟ್‌ನದು. ಫೈನಲ್ ಕ್ಲಿಫರ್ಡ್ ಸಹೋದರರದು.

ಇಲ್ಲಿ ಈಗ ಕೌಂಟಿ ಚಾಂಪಿಯನ್‌ಶಿಪ್ ಕಾವು. ಕೆರ್ರಿಯಲ್ಲಿ ಅದನ್ನು ಗೆದ್ದ ಕ್ಲಬ್ಬೇ ಮುಂದಿನ ವರ್ಷದ ಕ್ಯಾಪ್ಟನ್‌ನನ್ನು ಸೂಚಿಸುವುದು ರೂಢಿ. ಕಳೆದ ವರ್ಷ ಡಾಕ್ಟರ್ ಕ್ರೋಕ್ಸ್ ಗೆದ್ದದ್ದಕ್ಕೇ ಗ್ಯಾವಿನ್ ವೈಟ್ ಜುಲೈನಲ್ಲಿ ಕಪ್ ಎತ್ತಿದ. ಹಾಗಾಗಿ ಈ ಊರಿನಲ್ಲಿ 2026ರ ಸೀಸನ್ ಆಗಲೇ ಶುರು ಆಗಿದೆ.

ಲೆಟರ್‌ಕೆನ್ನಿಮಳೆ | ಅಕ್ಟೋಬರ್ 7, 2025

ನಮ್ಮಲ್ಲೂ ಶುರು. ಪಾಡಿ ಕ್ಲಿಫರ್ಡ್ ಹಿಂದೆ ಒಬ್ಬನನ್ನು ಬಿಡಿ ಅಂತ ಊರಿನ ಪ್ರತಿಯೊಬ್ಬನೂ ಮೆಕ್‌ಗಿನ್ನೆಸ್‌ಗೆ ಸಲಹೆ ಕೊಡುತ್ತಿದ್ದಾನೆ. ನಾನೂ ಕೊಡುವವನೇ, ಸಿಕ್ಕಿದರೆ.